ಮುಷ್ಟಿಮಲ್ಲರಲ್ಲಿ ಅಗ್ರಗಣ್ಯನಾರು?

2024ರ ನವೆಂಬರ್ ತಿಂಗಳ ನಡುವಿನ ಒಂದು ಶನಿವಾರ, ತುಮಕೂರಿನಿಂದ ಶಿರಾ ಕಡೆಗೆ ಹೋಗುವ ಹಾದಿಯ ಅಂತರಸನಹಳ್ಳಿಯ ತರಕಾರಿ ಮಾರುಕಟ್ಟೆಯಲ್ಲಿ, ಹರಾಜಿನ ಗದ್ದಲವೆಲ್ಲ ಅಡಗಿ ಲಾರಿಗಳು ತೆರವಾದ ಮೇಲೆ, ಟೀ ಅಂಗಡಿಯ ಮುಂದೆ ಮೊಬೈಲ್ ಹಿಡಿದು ನಿಂತಿದ್ದ ನಾಲ್ಕಾರು ಹಮಾಲಿಗಳ ನಡುವೆ ಭಾರೀ ಚರ್ಚೆಯೊಂದು ನಡೆದಿತ್ತು. ಅಮೆರಿಕದ ಟೆಕ್ಸಾಸಿನಲ್ಲಿ 58 ವರ್ಷದ ಮೈಕ್ ಟೈಸನ್, 27ರ ಹರೆಯದ ಜೇಕ್ ಪಾಲ್ ಎಂಬವನೊಡನೆ ಎಂಟು ಸುತ್ತು ಹೆಣಗಾಡಿ ಅಂಕಗಳ ಲೆಕ್ಕದಲ್ಲಿ ಸೋತಿದ್ದ ಸುದ್ದಿ ಆಗತಾನೆ ಬಂದಿತ್ತು. "ಅವನ ಕಾಲ್ದಲ್ಲಿ ಟೈಸನ್ ಮುಂದೆ ಯಾವನೂ ನಿಂತ್ಕಳಂಗಿರ್ಲಿಲ್ಲ ಕಣಣ್ಣ" ಎಂದು ಒಬ್ಬ ಸಂಕಟಪಟ್ಟರೆ, ತಲೆಗೆ ಟವೆಲು ಸುತ್ತಿದ್ದ ಹಿರಿಯನೊಬ್ಬ "ಅಲೀನ ನೋಡಿಲ್ಲ ಕಣ್ಲಾ ನೀನು, ಅದ್ಕೇ ಹಿಂಗಾಡ್ತೀಯ" ಎಂದು ಒಂದೇ ಏಟಿಗೆ ಆ ಮಾತನ್ನು ಕೆಡವಿದ. ಇಬ್ಬರ ನುಡಿಯಲ್ಲಿಯೂ ಸತ್ಯಾಂಶವುಂಟು. ಇಬ್ಬರೂ ತಂತಮ್ಮ ಯೌವನಕಾಲದ ವೀರನನ್ನೇ ಎತ್ತಿಹಿಡಿದಿದ್ದರೆಂಬುದೂ ಅಷ್ಟೇ ಸತ್ಯ.

ಈ ಬಗೆಯ ಪಕ್ಷಪಾತವು ಮಾರುಕಟ್ಟೆಯ ಮಾತಿಗೆ ಮೀಸಲಾದುದೆಂದು ಯಾರೂ ಭಾವಿಸಬೇಕಾಗಿಲ್ಲ. 1922ರಲ್ಲಿ 'ದಿ ರಿಂಗ್' ಎಂಬ ಪತ್ರಿಕೆಯನ್ನು ಸ್ಥಾಪಿಸಿ, ಸುಮಾರು ಅರ್ಧ ಶತಮಾನ ಕಾಲ ಮುಷ್ಟಿಯುದ್ಧ ಪ್ರಪಂಚದ ಗಣಕನಂತೆಯೂ ನ್ಯಾಯಾಧೀಶನಂತೆಯೂ ಬಾಳಿದ ನ್ಯಾಟ್ ಫ್ಲೈಷರ್, ಜೋ ಲೂಯಿ, ರಾಕಿ ಮಾರ್ಸಿಯಾನೊ, ಮುಹಮ್ಮದ್ ಅಲಿ ಇವರೆಲ್ಲರನ್ನೂ ಕಣ್ಣಾರೆ ಕಂಡ ಮೇಲೂ, ಹೆವಿವೇಟ್ ಮಲ್ಲರಲ್ಲಿ ಪ್ರಥಮಸ್ಥಾನವನ್ನು ಕೊಟ್ಟದ್ದು ಜ್ಯಾಕ್ ಜಾನ್ಸನ್ನನಿಗೆ. ಜಾನ್ಸನ್ 1908ರ ಡಿಸೆಂಬರಿನಲ್ಲಿ ಸಿಡ್ನಿಯಲ್ಲಿ ಟಾಮಿ ಬರ್ನ್ಸನನ್ನು ಸೋಲಿಸಿ, ಹೆವಿವೇಟ್ ಪಟ್ಟವನ್ನೇರಿದ ಮೊದಲನೆಯ ಕರಿಯ ವರ್ಣೀಯನಾದಾಗ ಫ್ಲೈಷರನಿಗೆ 21 ವರ್ಷ ವಯಸ್ಸು. ಅಷ್ಟು ಹೇಳಿದರೆ ಸಾಕು. ಮಿಕ್ಕುದನ್ನು ಓದುಗರೇ ಊಹಿಸಿಕೊಳ್ಳಬಲ್ಲರು.

ಹಾಗೆಂದು ಈ ಚರ್ಚೆಯು ಬರಿಯ ಹರಟೆಯೆಂದು ತಳ್ಳಿಹಾಕತಕ್ಕದ್ದಲ್ಲ. ಅದನ್ನು ಕ್ರಮವಾಗಿ ನಡೆಸಿದಲ್ಲಿ ಮುಷ್ಟಿಯುದ್ಧವೆಂಬ ಈ ಕ್ರೂರವೂ ಮನೋಹರವೂ ಆದ ವಿದ್ಯೆಯ ಒಳಮರ್ಮಗಳು ಒಂದೊಂದಾಗಿ ಹೊರಬೀಳುತ್ತವೆ. ಮೊದಲನೆಯದು ತೂಕ. ಅಂತರಸನಹಳ್ಳಿಯ ಮಂಡಿಯಲ್ಲಿ ಮೂಟೆಯು ತಕ್ಕಡಿಗೆ ಏರದೆ ಬೆಲೆಯ ಮಾತು ಹೇಗೆ ಹೊರಡುವುದಿಲ್ಲವೋ ಹಾಗೆಯೇ ಬಾಕ್ಸಿಂಗಿನಲ್ಲಿ ಮಲ್ಲನು ತಕ್ಕಡಿಗೆ ಏರದೆ ಪಂದ್ಯದ ಮಾತೇ ಹೊರಡುವುದಿಲ್ಲ. ಫೆದರ್‌ವೇಟ್‌ನವನು 126 ಪೌಂಡನ್ನು ಮೀರಕೂಡದು. ವೆಲ್ಟರ್‌ವೇಟ್‌ನವನು 147ನ್ನು, ಮಿಡಲ್‌ವೇಟ್‌ನವನು 160ನ್ನು. ನಾಲ್ಕು ಕಿಲೋ ಹೆಚ್ಚಾದರೆ ಕೈಯ ಪೆಟ್ಟಿನಲ್ಲಿ ಬರುವ ಅಂತರವು ಎಷ್ಟೆಂಬುದನ್ನು ಪೆಟ್ಟು ತಿಂದವನೇ ಬಲ್ಲ. ಆದುದರಿಂದ 'ಎಲ್ಲರಿಗಿಂತ ಬಲಶಾಲಿ ಯಾರು' ಎಂಬ ಪ್ರಶ್ನೆಗೆ ಉತ್ತರ ಸುಲಭ: ಹೆವಿವೇಟ್ ಪಟ್ಟದಲ್ಲಿ ಇರುವವನು. 'ಎಲ್ಲರಿಗಿಂತ ಶ್ರೇಷ್ಠ ಯಾರು' ಎಂಬುದು ಬೇರೊಂದು ಪ್ರಶ್ನೆ. ಶರೀರಭಾರವನ್ನು ಲೆಕ್ಕದಿಂದ ಕಳೆದು, ಉಳಿದ ವಿದ್ಯೆಯನ್ನು ಮಾತ್ರ ತೂಗಿ ನೋಡುವ 'ಪೌಂಡ್ ಫಾರ್ ಪೌಂಡ್' ಎಂಬ ಮಾತು ಬಳಕೆಗೆ ಬಂದುದು ಈ ಕಾರಣದಿಂದಲೇ.

ಆದರೆ ಈ ತೂಗುವಿಕೆಯೂ ಸುಲಭವಲ್ಲ. 1938ರಲ್ಲಿ ಹೆನ್ರಿ ಆರ್ಮ್‌ಸ್ಟ್ರಾಂಗ್ ಫೆದರ್, ಲೈಟ್, ವೆಲ್ಟರ್ ಈ ಮೂರು ಪಟ್ಟಗಳನ್ನೂ ಏಕಕಾಲದಲ್ಲಿ ಧರಿಸಿದ್ದ. ಆಗ ಜಗತ್ತಿನಲ್ಲಿದ್ದುದು ಎಂಟೇ ವಿಭಾಗ, ಒಂದೊಂದಕ್ಕೆ ಬಹುಮಟ್ಟಿಗೆ ಒಬ್ಬನೇ ಪಟ್ಟಾಧಿಕಾರಿ. ಇಂದು ವಿಭಾಗಗಳು 17. ಪಟ್ಟಗಳನ್ನು ಹಂಚುವ ದೊಡ್ಡ ಸಂಸ್ಥೆಗಳೇ ನಾಲ್ಕು. ಫಿಲಿಪೀನ್ಸಿನ ಮ್ಯಾನಿ ಪಕ್ಯಾವೊ ಎಂಟು ವಿಭಾಗಗಳಲ್ಲಿ ಪಟ್ಟ ಗೆದ್ದನೆಂಬುದು ಅಸಾಧಾರಣವಾದ ಸಾಧನೆಯೇ ಸರಿ. ಆದರೂ ಅದನ್ನು ಆರ್ಮ್‌ಸ್ಟ್ರಾಂಗನ ಮೂರರ ಪಕ್ಕದಲ್ಲಿಟ್ಟಾಗ ಯಾವುದು ಹಿರಿದೆಂದು ನಿರ್ಣಯಿಸಲು ಗಣಿತವು ನೆರವಾಗದು.

ಎರಡನೆಯದು ನಿಯಮ. 1867ರಲ್ಲಿ ಪ್ರಕಟವಾದ ಕ್ವೀನ್ಸ್‌ಬರಿ ನಿಯಮಗಳು ಮೂರು ನಿಮಿಷದ ಸುತ್ತು, ಒಂದು ನಿಮಿಷದ ವಿಶ್ರಾಂತಿ, ಕೈಗೆ ಗ್ಲೌಸ್ ಎಂದು ವಿಧಿಸಿದುವಾದರೂ, 1889ರಷ್ಟು ಈಚಿನವರೆಗೂ ಜಾನ್ ಎಲ್. ಸಲಿವನ್ ಬರಿಗೈಯಿಂದ ಜೇಕ್ ಕಿಲ್‌ರೇನನೊಡನೆ 75 ಸುತ್ತು ಕಾದಿದುದುಂಟು. ಆಮೇಲೆ ಬಹುಕಾಲ ಪಟ್ಟದ ಪಂದ್ಯಗಳು 15 ಸುತ್ತಿನವಾಗಿದ್ದುವು. 1982ರ ನವೆಂಬರಿನಲ್ಲಿ ಕೊರಿಯದ ಡುಕ್ ಕೂ ಕಿಮ್ ಎಂಬ ತರುಣ, ರೇ ಮ್ಯಾನ್ಸಿನಿಯೊಡನೆ ಸೆಣಸುತ್ತ 14ನೆಯ ಸುತ್ತಿನಲ್ಲಿ ಬಿದ್ದು ಮತ್ತೆ ಪ್ರಜ್ಞೆ ತಿಳಿಯದೆ ತೀರಿಕೊಂಡ ಬಳಿಕ ಅದು 12ಕ್ಕೆ ಇಳಿಯಿತು. ಈ ಮೂರು ಸುತ್ತಿನ ವ್ಯತ್ಯಾಸ ಸಣ್ಣದೆಂದು ತೋರಬಹುದು. ಆದರೆ 1941ರ ಜೂನ್ ತಿಂಗಳಲ್ಲಿ ಬಿಲ್ಲಿ ಕಾನ್ ಎಂಬ ಹಗುರ ಮೈಯ ಚತುರ, ಅಜೇಯನೆನಿಸಿದ್ದ ಜೋ ಲೂಯಿಯನ್ನು 12 ಸುತ್ತು ಆಡಿಸಿ, ಇಬ್ಬರು ತೀರ್ಪುಗಾರರ ಲೆಕ್ಕದಲ್ಲಿ ಮುಂದಿದ್ದ. ಮೂರನೆಯವನ ಲೆಕ್ಕ ಸಮ. ಇಂದಿನ ನಿಯಮವಿದ್ದಿದ್ದರೆ ಗಂಟೆ ಬಾರಿಸಿದೊಡನೆ ಪಟ್ಟವು ಕೈ ಬದಲಾಗುತ್ತಿತ್ತು. ಅಂದಿನ ನಿಯಮದಂತೆ 13ನೆಯ ಸುತ್ತು ಬಂತು. ಕಾನ್ ಗೆಲುವಿನ ಹುಮ್ಮಸ್ಸಿನಲ್ಲಿ ನಾಕೌಟಿಗೇ ಕೈಹಾಕಿದ. ಲೂಯಿ ಅದನ್ನೇ ಕಾದಿದ್ದ. 25 ಸಲ ಪಟ್ಟವನ್ನು ಕಾಪಾಡಿಕೊಂಡು 1937ರಿಂದ 1949ರವರೆಗೆ ಆಳಿದ ಆ ಮಹಾಮಲ್ಲನ ಕೀರ್ತಿಯು ಒಂದು ಕಾಲದ ಕಾನೂನಿನ ಮೇಲೆ ಎಷ್ಟು ನವಿರಾಗಿ ನಿಂತಿದೆಯೆಂಬುದಕ್ಕೆ ಬೇರೆ ನಿದರ್ಶನ ಬೇಡ.

ಇಷ್ಟು ತೊಡಕನ್ನೆಲ್ಲ ಯಂತ್ರದಿಂದ ಬಿಡಿಸಿಬಿಡಬಹುದೆಂದು ನಂಬಿದ ಒಬ್ಬ ಮಹಾನುಭಾವನಿದ್ದ. ಮುರ್ರೆ ವರೋನರ್ ಎಂಬ ಆ ಅಮೆರಿಕದ ರೇಡಿಯೋ ನಿರ್ಮಾಪಕ, ಹಳೆಯ ಹೊಸ ಮಲ್ಲರ ಗುಣದೋಷಗಳನ್ನೆಲ್ಲ ಕಂಪ್ಯೂಟರಿಗೆ ಉಣಿಸಿ, ಅದು ಹೇಳಿದ ಫಲಿತಾಂಶವನ್ನು ಪಂದ್ಯದ ವರದಿಯಂತೆ ಪ್ರಸಾರ ಮಾಡಿದ. ಅದರಲ್ಲಿ ತಾನು ಹಿಂದಿನ ಶತಮಾನದಲ್ಲಿ ಪಟ್ಟ ಕಟ್ಟಿಕೊಂಡ ಜಿಮ್ ಜೆಫ್ರೀಸನಿಗೆ ಸೋತೆನೆಂದು ಕೇಳಿ ಅಲಿ ಕಿಡಿಕಿಡಿಯಾಗಿ ಹತ್ತು ಲಕ್ಷ ಡಾಲರಿನ ಮಾನನಷ್ಟ ದಾವೆ ಹೂಡಿದ. ರಾಜಿಯೇನೋ ಆಯಿತು, ಅದರ ಫಲವಾಗಿ 1969ರಲ್ಲಿ ಅಲಿಯನ್ನೂ, ನಿವೃತ್ತನಾಗಿ ಹದಿಮೂರು ವರ್ಷ ಕಳೆದಿದ್ದ ರಾಕಿ ಮಾರ್ಸಿಯಾನೊವನ್ನೂ ಮಯಾಮಿಯ ಒಂದು ಸ್ಟುಡಿಯೋದೊಳಗೆ ಕೂಡಿಹಾಕಿ, ಬಗೆಬಗೆಯ ಮುಕ್ತಾಯಗಳನ್ನು ಚಿತ್ರಿಸಿಕೊಂಡು, ಇವುಗಳಲ್ಲಿ ಯಾವುದು ನಿಜವಾದ ಮುಕ್ತಾಯವೆಂಬುದನ್ನು ಇಬ್ಬರಿಗೂ ತಿಳಿಸದೆ ಕಳುಹಿಸಿಕೊಟ್ಟರು. ಮಾರ್ಸಿಯಾನೊ ಪಾಪ, ಬೊಜ್ಜು ಕರಗಿಸಿ, ಬೋಳಾಗುತ್ತಿದ್ದ ತಲೆಗೆ ಟೋಪನ್ ಇಟ್ಟು ಬಂದಿದ್ದ. ಆ ಫಲಿತಾಂಶವನ್ನು ನೋಡುವ ಭಾಗ್ಯವೂ ಆತನಿಗಿರಲಿಲ್ಲ. ಆಗಸ್ಟ್ ಕೊನೆಗೆ ವಿಮಾನಾಪಘಾತದಲ್ಲಿ ಮಡಿದ. 1970ರ ಜನವರಿ 20ರಂದು ಚಿತ್ರಮಂದಿರಗಳಲ್ಲಿ ತೋರಿಸಿದಾಗ, 13ನೆಯ ಸುತ್ತಿನಲ್ಲಿ ಅಲಿಯು ಮಾರ್ಸಿಯಾನೊವಿನ ಪೆಟ್ಟಿಗೆ ಉರುಳಿಬಿದ್ದಿದ್ದ. ಯಂತ್ರವು ಹೇಳಿತೆಂದು ನಂಬಿದವರು ಉಂಟು. ಮನುಷ್ಯನು ತನ್ನ ಅಭಿಪ್ರಾಯವನ್ನು ಯಂತ್ರದ ಬಾಯಲ್ಲಿ ಹೇಳಿಸಿ ಅದನ್ನೇ ಪ್ರಮಾಣವೆಂದು ಸ್ವೀಕರಿಸುವ ಚಾಳಿ ಆಗಲೇ ಆರಂಭವಾಗಿತ್ತೆಂದು ಇದರಿಂದ ತಿಳಿದುಕೊಳ್ಳಬಹುದು.

ಮಾರ್ಸಿಯಾನೊವಿನ ಪಕ್ಷದವರು ತೋರಿಸುವ ಬ್ರಹ್ಮಾಸ್ತ್ರವೊಂದೇ: 49 ಪಂದ್ಯ, 49 ಗೆಲುವು. ಈಚಿನವರು ಫ್ಲಾಯ್ಡ್ ಮೇವೆದರನ 50ಕ್ಕೆ 50ನ್ನು ಮುಂದಿಡುತ್ತಾರೆ. ಸೋಲನ್ನರಿಯದವನು ಶ್ರೇಷ್ಠನೆಂಬ ಈ ವಾದವು ಕಿವಿಗೆ ಇಂಪಾದರೂ ಪರೀಕ್ಷೆಗೆ ನಿಲ್ಲದು. ಮಾರ್ಸಿಯಾನೊ 1951ರಲ್ಲಿ ಸೋಲಿಸಿದ ಜೋ ಲೂಯಿಗೆ 37 ವರ್ಷವಾಗಿತ್ತು. ಮರುವರ್ಷ ಯಾರಿಂದ ಪಟ್ಟ ಕಿತ್ತುಕೊಂಡನೋ ಆ ಜೆರ್ಸಿ ಜೋ ವಾಲ್ಕಾಟನಿಗೆ 38. ಎದುರಾಳಿಯ ಹೆಸರು ದೊಡ್ಡದು, ಕಾಲ ಸರಿದುಹೋಗಿತ್ತು. ಆ ವಾಲ್ಕಾಟನೂ ಮೊದಲ ಸುತ್ತಿನಲ್ಲಿಯೇ ಮಾರ್ಸಿಯಾನೊವನ್ನು ನೆಲಕ್ಕೆ ಕೆಡವಿ, ಹನ್ನೆರಡು ಸುತ್ತು ಮುಂದಿದ್ದು, ಹದಿಮೂರನೆಯದರಲ್ಲಿ ಒಂದೇ ಬಲಗೈ ಪೆಟ್ಟಿಗೆ ಕುಸಿದನೆಂಬುದನ್ನು ಮರೆಯಲಾಗದು. ಸೋಲಿಲ್ಲದಿರುವುದಕ್ಕೆ ಶೌರ್ಯವು ಕಾರಣವಾಗಿರಬಹುದು, ಜಾಣತನದ ಆಯ್ಕೆಯು ಕಾರಣವಾಗಿರಬಹುದು, ಸಕಾಲದ ನಿವೃತ್ತಿಯೂ ಕಾರಣವಾಗಿರಬಹುದು. ಪಂಪನ ಆದಿಪುರಾಣದಲ್ಲಿ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲಿಯೂ ಗೆದ್ದ ಬಾಹುಬಲಿ ರಾಜ್ಯವನ್ನೇ ಬಿಟ್ಟು ಹೊರಟುಹೋದುದನ್ನು ಬಲ್ಲ ಕನ್ನಡಿಗರಿಗೆ, ಗೆಲುವಿನ ಎಣಿಕೆಯೊಂದೇ ಹಿರಿಮೆಯ ಅಳತೆಯಲ್ಲವೆಂದು ಹೊಸದಾಗಿ ಹೇಳಬೇಕಾದುದಿಲ್ಲ.

ನನ್ನ ತೀರ್ಪನ್ನು ಇನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಶುಗರ್ ರೇ ರಾಬಿನ್ಸನ್ನನೇ ಅಗ್ರಗಣ್ಯ. 1921ರಲ್ಲಿ ಹುಟ್ಟಿದ ಈತನ ನಿಜವಾದ ಹೆಸರು ವಾಕರ್ ಸ್ಮಿತ್; ಹುಡುಗನಾಗಿದ್ದಾಗ ರೇ ರಾಬಿನ್ಸನ್ ಎಂಬ ಇನ್ನೊಬ್ಬನ ಸದಸ್ಯತ್ವದ ಚೀಟಿಯನ್ನು ಎರವಲು ತಂದು ಕಣಕ್ಕಿಳಿದವನಿಗೆ ಆ ಹೆಸರೇ ಅಂಟಿಕೊಂಡಿತು. 1943ರ ಫೆಬ್ರವರಿಯೊಂದನ್ನು ನೋಡಿದರೆ ಸಾಕು. 5ನೆಯ ತಾರೀಖು ಡೆಟ್ರಾಯಿಟಿನಲ್ಲಿ, ತನಗಿಂತ ಭಾರವಾದ ಜೇಕ್ ಲಾಮೋಟನ ಕೈಯಲ್ಲಿ ವೃತ್ತಿಜೀವನದ ಮೊದಲ ಸೋಲನ್ನುಂಡ. 19ರಂದು ಜ್ಯಾಕಿ ವಿಲ್ಸನ್ನನನ್ನು ಸೋಲಿಸಿದ. 26ರಂದು ಅದೇ ಲಾಮೋಟನನ್ನು ಎದುರಿಸಿ ಗೆದ್ದ. ಇಂದಿನ ಪಟ್ಟಾಧಿಕಾರಿಗಳು ವರ್ಷಕ್ಕೆ ಎರಡು ಪಂದ್ಯವಾಡಿದರೆ ಹೆಚ್ಚು. ಆ ಮೊದಲ ಸೋಲಿನ ಮೇಲೆ ಎಂಟು ವರ್ಷಕ್ಕೂ ಮಿಕ್ಕಿ ಯಾರೂ ಆತನನ್ನು ಸೋಲಿಸಲಿಲ್ಲ. 1951ರ ಜುಲೈನಲ್ಲಿ ಲಂಡನ್ನಿನಲ್ಲಿ ರ‍್ಯಾಂಡಿ ಟರ್ಪಿನ್ ಸೋಲಿಸುವ ಹೊತ್ತಿಗೆ ಆತನ ಲೆಕ್ಕ 128 ಗೆಲುವು, ಒಂದು ಸೋಲು, ಎರಡು ಸಮ. ಸೆಪ್ಟೆಂಬರಿನಲ್ಲಿ ಟರ್ಪಿನ್ನನಿಂದ ಮಿಡಲ್ ಪಟ್ಟವನ್ನು ಮರಳಿ ಪಡೆದ.

ಆದರೆ ನನ್ನ ಸಾಕ್ಷ್ಯವು ಆತನ ಗೆಲುವಲ್ಲ, ಒಂದು ಸೋಲು. 1952ರ ಜೂನ್ 25, ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಂ. ಮಳೆಯಿಂದಾಗಿ ಎರಡು ದಿನ ಮುಂದಕ್ಕೆ ಹೋಗಿದ್ದ ಪಂದ್ಯ. ದೀಪಗಳ ಕೆಳಗೆ ಕಣದ ತಾಪ 100 ಡಿಗ್ರಿ ಫ್ಯಾರನ್‌ಹೀಟನ್ನು ಮೀರಿತ್ತು, ಎಂದರೆ ನಮ್ಮ ರಾಯಚೂರಿನ ಬೇಸಗೆಯ ಮಧ್ಯಾಹ್ನ. ವೆಲ್ಟರ್ ಮತ್ತು ಮಿಡಲ್ ಎರಡು ಪಟ್ಟಗಳನ್ನೂ ಕಂಡಿದ್ದ ರಾಬಿನ್ಸನ್ 157 ಪೌಂಡು ಚಿಲ್ಲರೆಯ ಮೈಯನ್ನು ಹೊತ್ತು, 173 ಪೌಂಡಿನ ಜೋಯಿ ಮ್ಯಾಕ್ಸಿಮನ ಲೈಟ್ ಹೆವಿವೇಟ್ ಪಟ್ಟಕ್ಕೆ ಕೈಚಾಚಿದ್ದ. ಏಳು ಕಿಲೋ ಹೆಚ್ಚು ಭಾರದ ಆ ಮಲ್ಲನು ಮೈಮೇಲೆ ಬಿದ್ದು ಒರಗಿ ಒರಗಿ ದಣಿಸುತ್ತಿರಲು, ಈತ ಒಳಹೊಕ್ಕು ಎರಡು ಮೂರು ಪೆಟ್ಟನ್ನಿಕ್ಕಿ, ಪ್ರತ್ಯುತ್ತರ ಬರುವ ಮುನ್ನ ಪಕ್ಕಕ್ಕೆ ಜಾರಿ, ಸುತ್ತಿನ ಮೇಲೆ ಸುತ್ತನ್ನು ಗೆಲ್ಲುತ್ತ ಬಂದ. ಹತ್ತನೆಯ ಸುತ್ತು ಮುಗಿದಾಗ ತತ್ತರಿಸಿದವನು ಮಲ್ಲರಲ್ಲಿ ಯಾರೂ ಅಲ್ಲ, ರೆಫರಿ ರೂಬಿ ಗೋಲ್ಡ್‌ಸ್ಟೀನ್. ಸೆಕೆಯನ್ನು ತಾಳಲಾರದ ಆತನನ್ನು ಕೆಳಗಿಳಿಸಿ ಬೇರೊಬ್ಬನನ್ನು ಕಣಕ್ಕೆ ಏರಿಸಬೇಕಾಯಿತು. ಹದಿಮೂರನೆಯದರಲ್ಲಿ ರಾಬಿನ್ಸನ್ ಬೀಸಿದ ಪೆಟ್ಟೊಂದು ಗುರಿ ತಪ್ಪಿ, ಆ ರಭಸಕ್ಕೆ ತಾನೇ ಮುಖ ಅಡಿಯಾಗಿ ಬಿದ್ದ. ಗಂಟೆಯಾದ ಮೇಲೆ ಮೂಲೆಗೆ ಎಳೆದು ತಂದು ಕೂರಿಸಿದರು, ಹದಿನಾಲ್ಕಕ್ಕೆ ಏಳಲಾಗಲಿಲ್ಲ. ಮೂವರು ತೀರ್ಪುಗಾರರ ಲೆಕ್ಕದಲ್ಲಿಯೂ ಆತ ಬಹಳ ಮುಂದಿದ್ದ. ಕೊನೆಯೆರಡು ಸುತ್ತು ಸುಮ್ಮನೆ ನಿಂತಿದ್ದರೂ ಪಟ್ಟ ಆತನದಾಗುತ್ತಿತ್ತು, ನಿಲ್ಲುವುದಕ್ಕೇ ಆಗಲಿಲ್ಲ. ಇನ್ನೂರರಷ್ಟು ಪಂದ್ಯಗಳಲ್ಲಿ ಆತನು ಸುತ್ತುಗಳೆಲ್ಲ ಮುಗಿಯುವ ಮುನ್ನ ಸೋತದ್ದು ಇದೊಂದೇ ಸಲ. ಸೋಲಿಸಿದವನು ಮ್ಯಾಕ್ಸಿಮನೋ ಸೆಕೆಯೋ ಎಂಬುದನ್ನು ಇಂದಿಗೂ ವಾದಿಸುವವರಿದ್ದಾರೆ.

ಆ ಮೇಲೆ ನಿವೃತ್ತನಾಗಿ, ರಂಗಮಂದಿರಗಳಲ್ಲಿ ನರ್ತಿಸಿ, 1955ರಲ್ಲಿ ಮರಳಿ ಬಂದು ಬೋಬೊ ಓಲ್ಸನನಿಂದ ಪಟ್ಟವನ್ನು ಕಿತ್ತುಕೊಂಡ. 1957ರ ಮೇ 1ರಂದು ಶಿಕಾಗೋದಲ್ಲಿ ಜೀನ್ ಫುಲ್ಮರನನ್ನು ಐದನೆಯ ಸುತ್ತಿನಲ್ಲಿ ಕೆಡವಿದ ಎಡಗೈ ಹುಕ್ಕನ್ನು ಇಂದಿಗೂ ಬಾಕ್ಸಿಂಗ್ ಕಲಿಸುವವರು ಚಲನಚಿತ್ರದಲ್ಲಿ ನಿಲ್ಲಿಸಿ ನಿಲ್ಲಿಸಿ ತೋರಿಸುತ್ತಾರೆ: ಹಿಂದಕ್ಕೆ ಸರಿಯುತ್ತಿರುವಾಗಲೇ, ಕಾಲು ಊರುವುದಕ್ಕೂ ಕೈ ತಿರುಗುವುದಕ್ಕೂ ನಡುವೆ ಬಿಡುವೇ ಇಲ್ಲದಂತೆ ಬಂದ ಪೆಟ್ಟು. ಐದು ಸಲ ಮಿಡಲ್‌ವೇಟ್ ಪಟ್ಟ ಪಡೆದ ಈತ 1965ರವರೆಗೆ, 44ರ ವಯಸ್ಸಿನವರೆಗೆ ಆಡಿದುದು ಹಣದ ಅಡಚಣೆಗೆ. ಲೆಕ್ಕದಲ್ಲಿರುವ 19 ಸೋಲುಗಳಲ್ಲಿ ಹೆಚ್ಚಿನವು ಆ ಮುಸ್ಸಂಜೆಯವು. ಫ್ಲೈಷರನ ಕಾಲ ಮುಗಿದ ಮೇಲೆ, 2002ರಲ್ಲಿ ಅದೇ 'ದಿ ರಿಂಗ್' ಪತ್ರಿಕೆ ತನ್ನ ಎಂಬತ್ತು ವರ್ಷಗಳ ಎಂಬತ್ತು ಮಲ್ಲರನ್ನು ಪಟ್ಟಿಮಾಡಿದಾಗ ಮೊದಲನೆಯ ಹೆಸರು ರಾಬಿನ್ಸನ್ನನದು, ಎರಡನೆಯದು ಆರ್ಮ್‌ಸ್ಟ್ರಾಂಗನದು, ಮೂರನೆಯದು ಅಲಿಯದು.

ಹಾಗಾದರೆ ಟವೆಲು ಸುತ್ತಿದ ಹಿರಿಯನ ಅಲಿ? ಆತನನ್ನು ಮೂರನೆಯ ಸ್ಥಾನದಲ್ಲಿ ಕೂರಿಸಿದರೆ ಜಗತ್ತಿನ ಅರ್ಧ ಜನ ಜಗಳಕ್ಕೆ ಬರುತ್ತಾರೆ. 1967ರಲ್ಲಿ ವಿಯೆಟ್ನಾಂ ಯುದ್ಧಕ್ಕೆ ಸೇರಲೊಲ್ಲೆನೆಂದು ಪಟ್ಟವನ್ನು ಕಳೆದುಕೊಂಡು, ಮೈ ಹುರಿಗೊಂಡಿದ್ದ 25ರಿಂದ 28ರವರೆಗಿನ ಅಮೂಲ್ಯ ವರ್ಷಗಳನ್ನು ಕಣದ ಹೊರಗೆ ಕಳೆದು, ಮರಳಿ ಬಂದು, 1974ರ ಅಕ್ಟೋಬರ್ 30ರಂದು ಕಿನ್ಶಾಸದಲ್ಲಿ 40 ಪಂದ್ಯಗಳಲ್ಲಿ ಸೋಲೇ ಕಾಣದಿದ್ದ ಜಾರ್ಜ್ ಫೋರ್‌ಮನ್ನನನ್ನು ಹಗ್ಗಕ್ಕೆ ಒರಗಿಯೇ ದಣಿಸಿ ಎಂಟನೆಯ ಸುತ್ತಿನಲ್ಲಿ ಉರುಳಿಸಿದ ಈತನ ಧೈರ್ಯಕ್ಕೆ ಸಾಟಿಯಿಲ್ಲ. 1980ರಲ್ಲಿ ಭಾರತಕ್ಕೆ ಬಂದು ಮದರಾಸಿನಲ್ಲಿ ಪ್ರದರ್ಶನ ಪಂದ್ಯವಾಡಿದ, ದೆಹಲಿಯಲ್ಲಿ ನಮ್ಮ ಕೌರ್ ಸಿಂಗನೊಡನೆ ಕೈಮಿಲಾಯಿಸಿದ. ನಮ್ಮ ಹಳ್ಳಿಗಾಡಿನವರೆಗೂ ಬಾಕ್ಸಿಂಗ್ ಎಂದರೆ ಅಲಿ ಎಂಬ ಮಾತು ನಿಂತುಹೋಯಿತು. ಕಣದೊಳಗಿನ ವಿದ್ಯೆಗೆ ರಾಬಿನ್ಸನ್, ಕಣದ ಹೊರಗೂ ಬೆಳೆದ ವ್ಯಕ್ತಿತ್ವಕ್ಕೆ ಅಲಿ ಎಂದು ನಾನು ಹೇಳುವುದು ರಾಜಿಯ ಮಾತಲ್ಲ. ಅಲಿಯೇ ತನ್ನನ್ನು ಎಲ್ಲರಿಗಿಂತ ಮಿಗಿಲೆಂದು ಕೂಗಿಕೊಂಡು ತಿರುಗಿದರೂ ರಾಬಿನ್ಸನ್ನನ ಹೆಸರು ಬಂದಾಗ ಮಾತ್ರ ತಲೆಬಾಗುತ್ತಿದ್ದ.

ಇಂಥ ಪಟ್ಟಿಗಳಲ್ಲಿ ಸ್ತ್ರೀಯರ ಹೆಸರು ಕಾಣದಿರುವುದು ಅವರ ದೋಷವಲ್ಲ. ಒಲಿಂಪಿಕ್ಸ್ ಕಣವು ಅವರಿಗೆ ತೆರೆದದ್ದೇ 2012ರಲ್ಲಿ. ಮಣಿಪುರದ ಮೇರಿ ಕೋಮ್ ಆರು ಸಲ ವಿಶ್ವಪಟ್ಟ ಗೆದ್ದವರು. ಅವರ ಸಹಜವಾದ ತೂಕ 48 ಕಿಲೋದ ಒಳಗಿನದು. ಲಂಡನ್ನಿನಲ್ಲಿ ಇದ್ದ ಅತ್ಯಂತ ಕೆಳಗಿನ ವಿಭಾಗವೇ 51 ಕಿಲೋ. ತಮಗಿಂತ ದೊಡ್ಡ ಮೈಯವರನ್ನು ಎದುರಿಸಿ ಅವರು ತಂದ ಕಂಚನ್ನು ತೂಕದ ಮಾತನ್ನಾಡುವ ಯಾರೂ ಚಿನ್ನಕ್ಕಿಂತ ಕಡಿಮೆಯೆಂದು ಎಣಿಸಲಾರರು.

ಇನ್ನು ನಮ್ಮ ನಾಡಿನ ಮಾತು. ಕೊಡಗಿನ ಸಿ.ಸಿ. ಮಾಚಯ್ಯ 1976ರ ಮಾಂಟ್ರಿಯಲ್ ಒಲಿಂಪಿಕ್ಸಿನ ಬಾಕ್ಸಿಂಗ್ ಕಣಕ್ಕಿಳಿದವರು. ಆದರೆ ಗ್ಲೌಸ್ ಹುಟ್ಟುವುದಕ್ಕೆ ಶತಮಾನಗಳ ಮುಂಚಿನಿಂದ ಕನ್ನಡನಾಡಿನಲ್ಲಿ ಮುಷ್ಟಿವಿದ್ಯೆ ಇದ್ದುದಕ್ಕೆ ಪ್ರಬಲವಾದ ಸಾಕ್ಷ್ಯಗಳಿವೆ. ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದ ಮಲ್ಲವಿನೋದ ಪ್ರಕರಣದಲ್ಲಿ ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಳ ಎಂದು ತರಗತಿಮಾಡಿ ಇಟ್ಟಿದ್ದಾನೆ. 1520ರ ಸುಮಾರಿಗೆ ವಿಜಯನಗರದ ಮಹಾನವಮಿಯನ್ನು ನೋಡಿದ ಪೋರ್ಚುಗಲ್ಲಿನ ಡೊಮಿಂಗೊ ಪಾಯೆಸ್, ಇಲ್ಲಿಯ ಮಲ್ಲಯುದ್ಧ ತಮ್ಮ ನಾಡಿನದರಂತಲ್ಲವೆಂದೂ, ಹಲ್ಲು ಉದುರುವಂತೆ, ಕಣ್ಣು ಹೋಗುವಂತೆ ಗುದ್ದುತ್ತಾರೆಂದೂ, ಮಾತು ನಿಂತವರನ್ನು ಗೆಳೆಯರು ಹೊತ್ತುಕೊಂಡು ಹೋಗುತ್ತಾರೆಂದೂ ಬರೆದ. ಅದಕ್ಕಿಂತ ಸ್ವಾರಸ್ಯವಾದುದು ಆತನ ಇನ್ನೊಂದು ಮಾತು: ಇಬ್ಬರನ್ನೂ ಸರಿಸಮವಾಗಿ ನಿಲ್ಲಿಸುವುದಕ್ಕೂ ಗೆದ್ದವನಿಗೆ ಮರ್ಯಾದೆ ಸಲ್ಲಿಸುವುದಕ್ಕೂ ನಾಯಕರು, ತೀರ್ಪುಗಾರರು ಅಲ್ಲಿದ್ದರಂತೆ. ಕ್ವೀನ್ಸ್‌ಬರಿ ನಿಯಮಗಳಿಗೆ ಮುನ್ನೂರು ವರ್ಷಕ್ಕೂ ಹಿಂದೆ ಹಂಪೆಯಲ್ಲಿ ನ್ಯಾಯವಾದ ಪಂದ್ಯದ ಕಲ್ಪನೆ ಬೇರೂರಿತ್ತೆಂದಾಯಿತು.

ಆ ಪರಂಪರೆ ಮೈಸೂರಿನ ವಜ್ರಮುಷ್ಟಿ ಕಾಳಗದಲ್ಲಿ ಇಂದಿಗೂ ಉಸಿರಾಡುತ್ತಿದೆ. ವಿಜಯದಶಮಿಯ ಬೆಳಿಗ್ಗೆ ಅರಮನೆಯ ಸವಾರಿ ತೊಟ್ಟಿಯಲ್ಲಿ, ಕೆಮ್ಮಣ್ಣು ಹದಮಾಡಿದ ಅಖಾಡದೊಳಗೆ, ಜುಟ್ಟೊಂದನ್ನುಳಿದು ತಲೆಯನ್ನು ನುಣ್ಣಗೆ ಬೋಳಿಸಿಕೊಂಡ ಜಟ್ಟಿಗಳು ಜೋಡಿಜೋಡಿಯಾಗಿ ಇಳಿಯುತ್ತಾರೆ. ಬಲಗೈಯ ಬೆರಳುಗಳಿಗೆ ತೊಟ್ಟ ಮೊನೆಯುಳ್ಳ ಆಯುಧವೇ ವಜ್ರಮುಷ್ಟಿ. ಹಿಂದೆ ಅದನ್ನು ಕೊಂಬಿನಲ್ಲಿ ಮಾಡುತ್ತಿದ್ದರು. ಗುರಿ ತಲೆಯೊಂದೇ. ಎಡಗೈಯಿಂದ ಎದುರಾಳಿಯ ಬಲಗೈಯನ್ನು ತಡೆಯುತ್ತ, ಬಾಗುತ್ತ, ಪಟ್ಟು ಹಾಕುತ್ತ ಇರುವಾಗ ಯಾರ ತಲೆಯಿಂದ ಮೊದಲು ನೆತ್ತರು ತೊಟ್ಟಿಕ್ಕಿತೋ ಅಲ್ಲಿಗೆ ಕಾಳಗ ಮುಗಿಯಿತು. ಉಸ್ತಾದರು ನಡುವೆ ನುಗ್ಗಿ ಬಿಡಿಸುತ್ತಾರೆ. ಒಮ್ಮೊಮ್ಮೆ ಒಂದು ನಿಮಿಷವೂ ಹಿಡಿಯದು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಮೈಸೂರಿನ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ ಇದನ್ನು ಕುಸ್ತಿಯೂ ಬಾಕ್ಸಿಂಗೂ ಬೆರೆತ ಆಟವೆಂದು ವರ್ಣಿಸಿದ್ದಾನೆ. ಆತನ ಕಾಲಕ್ಕೆ ಅನೇಕ ವೇಳೆ ಇಬ್ಬರ ತಲೆಯಿಂದಲೂ ನೆತ್ತರು ಅಖಾಡದ ಮರಳಿಗಿಳಿಯುವವರೆಗೂ ನಡೆಯುತ್ತಿತ್ತು. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರಗಳ ಜಟ್ಟಿಗಳು ಈಗಲೂ ಬರುತ್ತಾರೆ.

ಈ ಎಲ್ಲ ಶತಮಾನಗಳಲ್ಲಿ ನಮ್ಮ ರಾಬಿನ್ಸನ್ ಯಾರಾಗಿದ್ದ? ಪಾಯೆಸ್ ಒಂದು ಹೆಸರನ್ನೂ ಬರೆಯಲಿಲ್ಲ. ಹದಿನೇಳನೆಯ ಶತಮಾನದ ರಣಧೀರ ಕಂಠೀರವ ನರಸರಾಜ ಒಡೆಯರು ಮಾರುವೇಷದಲ್ಲಿ ತಿರುಚಿನಾಪಳ್ಳಿಗೆ ಹೋಗಿ, ಊರ ಬಾಗಿಲಿಗೆ ತನ್ನ ಚಡ್ಡಿಯನ್ನು ಕಟ್ಟಿ ಎಲ್ಲರೂ ಅದರಡಿ ನುಸುಳಿ ಬರಲೆಂದು ಸೊಕ್ಕಿದ್ದ ಜಟ್ಟಿಯನ್ನು ಮಣಿಸಿದ ಐತಿಹ್ಯವನ್ನು, 1960ರ ರಾಜ್‌ಕುಮಾರ್ ಚಿತ್ರದ ದೆಸೆಯಿಂದ, ಮಕ್ಕಳೂ ಬಲ್ಲರು. ಅಲ್ಲಿಯೂ ನೆನಪಿನಲ್ಲಿ ಉಳಿದದ್ದು ದೊರೆಯ ಹೆಸರು; ದಿನವೂ ಗರಡಿಯ ಮಣ್ಣಿನಲ್ಲಿ ಬೆವರಿಳಿಸಿದವರದಲ್ಲ. ರಾಬಿನ್ಸನ್ 1943ರ ಫೆಬ್ರವರಿ 19ರಂದು ಯಾರೊಡನೆ ಸೆಣಸಿದನೆಂಬುದನ್ನು ನಾನು ಅಂತರಸನಹಳ್ಳಿಯಲ್ಲಿ ಕುಳಿತು ಹೇಳಬಲ್ಲೆ. ಅದೇ ವರ್ಷದ ದಸರೆಯಲ್ಲಿ ಸವಾರಿ ತೊಟ್ಟಿಯೊಳಗೆ ಯಾರ ಮುಷ್ಟಿ ಮೊದಲು ನೆತ್ತರು ಕಂಡಿತೆಂದು ಕೇಳಿದರೆ ಬಾಯಿ ಕಟ್ಟುತ್ತದೆ. ಅಗ್ರಗಣ್ಯನಾರೆಂಬ ವಾದವು ಬಲವಿದ್ದಲ್ಲೆಲ್ಲ ಹುಟ್ಟುವುದಿಲ್ಲ, ಲೆಕ್ಕವಿದ್ದಲ್ಲಿ ಮಾತ್ರ ಹುಟ್ಟುತ್ತದೆ. ಅಮೆರಿಕದವರಿಗೆ ಫ್ಲೈಷರನಿದ್ದ. ಆತನ ತೀರ್ಪು ಪಕ್ಷಪಾತದ್ದಾಗಿರಬಹುದು. ಆ ಪಕ್ಷಪಾತವನ್ನು ಖಂಡಿಸುವುದಕ್ಕೆ ಬೇಕಾದ ಅಂಕಿಅಂಶಗಳನ್ನೂ ಆತನೇ ಬರೆದಿಟ್ಟು ಹೋದ.

ಈಚೆಗೆ ಪತ್ರಿಕೆಗಳು ವರ್ಷಕ್ಕೊಮ್ಮೆ ಜಟ್ಟಿಗಳ ಹೆಸರನ್ನು ಮುದ್ರಿಸುತ್ತವೆ; ಬನ್ನಿ ಹಂಚಿ ಮುಗಿಯುವಷ್ಟರಲ್ಲಿ ಮರೆತೂ ಹೋಗುತ್ತೇವೆ. ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಓದುಗರಲ್ಲಿ ನನ್ನದೊಂದು ವಿಜ್ಞಾಪನೆ: ನಿಮ್ಮೂರಿನ ಗರಡಿಮನೆಯಲ್ಲಿ ಮಟ್ಟಿ ಹದಮಾಡಿದ ಹಳೆಯ ಉಸ್ತಾದರು ಇನ್ನೂ ಇದ್ದರೆ, ಈ ಭಾನುವಾರವೇ ಹೋಗಿ, ಯಾರು ಯಾರನ್ನು ಯಾವ ಜಾತ್ರೆಯಲ್ಲಿ ಯಾವ ಪಟ್ಟಿನಿಂದ ಚಿತ್ ಮಾಡಿದರೆಂಬುದನ್ನು ಅವರ ಬಾಯಿಂದಲೇ ಕೇಳಿ, ಇಸವಿ ಸಹಿತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.